ನೆರೆಯವರ ಮನೆಗೆ, ಸಾವಕಾಶವಾಗಿ

ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ 'ನಿವೃತ್ತಿಯಾದ ಮೇಲೆ' ಎಂಬ ಮಾತು ಒಂದು ಅಟ್ಟವಿದ್ದಂತೆ. ಬೇಕು ಎನಿಸಿದ್ದು, ಆದರೆ ಸದ್ಯಕ್ಕೆ ಆಗದ್ದು ಯಾವುದಿದ್ದರೂ ಅದರ ಮೇಲೆ ಹಾಕಿಡುವುದು ವಾಡಿಕೆ. ವೀಣೆ ಕಲಿಯುವುದು, ಮಹಾಭಾರತವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಹಿತ್ತಿಲಲ್ಲಿ ಮಲ್ಲಿಗೆಯ ಚಪ್ಪರ ಹಾಕಿಸುವುದು, ಗಂಡಹೆಂಡಿರಿಬ್ಬರೇ ಎಲ್ಲಿಗಾದರೂ ಹೋಗಿಬರುವುದು, ಎಲ್ಲವೂ ಅಲ್ಲಿಗೇ ಸೇರುತ್ತವೆ. ಅರವತ್ತು ತುಂಬಿ, ಹಾರ ಹಾಕಿಸಿಕೊಂಡು, ಬೀಳ್ಕೊಡುಗೆಯ ಗೋಡೆಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ ಮೇಲೆ ಅಟ್ಟದ ಕಡೆ ನೋಡಿದರೆ, ಇಟ್ಟದ್ದೆಲ್ಲ ಇದ್ದಲ್ಲಿಯೇ ಇರುತ್ತದೆ. ಏಣಿ ಹತ್ತುವ ಮೊಣಕಾಲು ಮಾತ್ರ ಮೊದಲಿನದಾಗಿರುವುದಿಲ್ಲ.

ಮೈಸೂರಿನ ಬಡಾವಣೆಯೊಂದರಲ್ಲಿ ವಾಸವಾಗಿರುವ ರಾಯರ ಮನೆಯಲ್ಲಿಯೂ ಇಂಥ ಅಟ್ಟವಿತ್ತು. ಅವರ ಪೂರ್ತಿ ಹೆಸರು ವಾಚಕರಿಗೆ ಬೇಕಾಗದು. ಅಂಥ ರಾಯರು ಪ್ರತಿಯೊಂದು ಬೀದಿಯಲ್ಲಿಯೂ ಒಬ್ಬರಿರುತ್ತಾರೆ. ಖಜಾನೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಕುಳಿತು, ಇತರರ ಪ್ರಯಾಣಭತ್ಯೆಯ ಬಿಲ್ಲುಗಳಿಗೆ ಆಕ್ಷೇಪಣೆ ಬರೆದು ನಿವೃತ್ತರಾದವರು ಅವರು. ಅವರ ಮಡದಿ ಸರ್ಕಾರಿ ಪ್ರೌಢಶಾಲೆಯಲ್ಲಿ ಭೂಗೋಳ, ಚರಿತ್ರೆಗಳನ್ನು ಕಲಿಸಿದ ಉಪಾಧ್ಯಾಯಿನಿ. ವರ್ಷವರ್ಷವೂ ಕರಿಹಲಗೆಯ ಮೇಲೆ ಭಾರತದ ನಕ್ಷೆಯನ್ನು ಬರೆದು, ಅದರ ಸುತ್ತ ನೆರೆಯ ದೇಶಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದವರು. ನೇಪಾಳಕ್ಕೆ ಹಳದಿ, ಭೂತಾನಕ್ಕೆ ಕೆಂಪು, ಲಂಕೆಗೆ ಹಸಿರು. ಗಂಟೆ ಬಾರಿಸಿದೊಡನೆ ಅಳಿಸಿಹೋಗುತ್ತಿದ್ದ ಆ ದೇಶಗಳಲ್ಲಿ ಒಂದಕ್ಕಾದರೂ ಆಕೆ ಕಾಲಿಟ್ಟಿರಲಿಲ್ಲ.

ಹಾಗೆಂದು ಅವರು ಪ್ರಯಾಣವನ್ನೇ ಮಾಡದವರೆಂದು ತಿಳಿಯಬಾರದು. ಮದುವೆ ಮುಂಜಿಗಳಿಗೆಂದು ಅವರು ಕಂಡ ಊರುಗಳಿಗೆ ಲೆಕ್ಕವಿಲ್ಲ. ಆದರೆ ಕಂಡದ್ದು ಛತ್ರ, ಊಟದ ಸಾಲು, ಹಿಂತಿರುಗುವ ಬಸ್ಸು ಇಷ್ಟೇ. ಅತ್ತೆಯವರ ಅಸ್ಥಿಯನ್ನು ತೆಗೆದುಕೊಂಡು ಕಾಶಿಗೆ ಹೋದಾಗ ಮೂರನೆಯ ದಿನವೇ ಹಿಂದಿರುಗಬೇಕಾಯಿತು. ಮಾರ್ಚಿ ತಿಂಗಳು, ಖಜಾನೆಯಲ್ಲಿ ರಜೆ ಸಿಕ್ಕುವ ಕಾಲವಲ್ಲ. ಸರ್ಕಾರದ ರಿಯಾಯಿತಿಯಲ್ಲಿ ಉತ್ತರ ಭಾರತದ ಯಾತ್ರೆ ಒಮ್ಮೆ ನಡೆಯಿತು: ಹನ್ನೊಂದು ದಿನ, ಹದಿನಾಲ್ಕು ಊರು. ಹರಿದ್ವಾರ ಯಾವುದು, ಮಥುರೆ ಯಾವುದು ಎಂಬುದು ಈಗ ಚಿತ್ರಗಳ ಹಿಂದೆ ಬರೆದಿಟ್ಟಿರುವುದರಿಂದ ಮಾತ್ರ ಗೊತ್ತಾಗುತ್ತದೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಆಕೆ ಐದು ತಿಂಗಳು ಅಲ್ಲಿದ್ದು ಬಂದರು. ಆ ದೇಶ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಒಲೆ ಚೆನ್ನಾಗಿದೆ" ಎಂದು ಹೇಳಿ ನಗುತ್ತಾರೆ. ಒಟ್ಟಿನಲ್ಲಿ ನಲವತ್ತು ವರ್ಷದ ಸಂಸಾರದಲ್ಲಿ ಅವರು ಮಾಡಿದ ಪ್ರಯಾಣವೆಲ್ಲ ಯಾವುದೋ ಒಂದು ಕೆಲಸದ ಬಾಲ ಹಿಡಿದು ನಡೆದದ್ದು.

ಅಟ್ಟದಿಂದ ಈ ಯಾತ್ರೆಯನ್ನು ಇಳಿಸಿದ್ದು ಪ್ರವಾಸದ ಸಂಸ್ಥೆಯೊಂದರ ಬಣ್ಣದ ಕರಪತ್ರ. ಆರು ದಿನದಲ್ಲಿ ನೇಪಾಳ; ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸಿ, ದಕ್ಷಿಣ ಭಾರತದ ಊಟವನ್ನೇ ಹಾಕಿ, ಐದು ಊರು ತೋರಿಸಿ ಕರೆತರುವುದಾಗಿ ಅದರಲ್ಲಿ ಅಚ್ಚಾಗಿತ್ತು. ರಾಯರಿಗೆ ದರ ಹಿಡಿಸಿತು. ಮಡದಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಆರು ದಿನದಲ್ಲಿ ಐದು ಊರು ನೋಡುವುದಾದರೆ, ಆ ಊರಿನವರು ನಮ್ಮನ್ನು ನೋಡುವುದು ಯಾವಾಗ?" ಎಂದರು.

"ಅವರು ನಮ್ಮನ್ನೇಕೆ ನೋಡಬೇಕು?"

"ನೆರೆಯವರಲ್ಲವೆ? ನೀವೇ ಯೋಚನೆ ಮಾಡಿ. 2015ರ ಏಪ್ರಿಲಿನಲ್ಲಿ ಭೂಕಂಪವಾದಾಗ ನೇಪಾಳದ ಹೆಸರು ಪತ್ರಿಕೆಯಲ್ಲಿ ಬಂತು. 2022ರಲ್ಲಿ ಪೆಟ್ರೋಲಿಗೆ ಸಾಲು ನಿಂತಾಗ ಲಂಕೆಯ ಹೆಸರು ಬಂತು. ಪಕ್ಕದ ಮನೆಯವರನ್ನು ಸಾವುನೋವಿನ ದಿನ ಮಾತ್ರ ಕಂಡಂತಾಯಿತು. ಏನೂ ಆಗದ ದಿನ ಅವರು ಹೇಗಿರುತ್ತಾರೆ ಎಂದು ನೋಡುವುದು ಬೇಡವೆ?"

ರಾಯರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಹಳೆಯ ಅಭ್ಯಾಸದಂತೆ ಮರುದಿನ ಒಂದು ದಪ್ಪ ರಿಜಿಸ್ಟರನ್ನು ತಂದು ಗೀಟು ಹಾಕಲು ಕುಳಿತರು. ಒಂದೇ ಸುತ್ತಿನಲ್ಲಿ ನೇಪಾಳ, ಭೂತಾನ, ಲಂಕೆ, ನಲವತ್ತು ದಿನ, ಪ್ರತಿಯೊಂದು ದಿನಕ್ಕೂ ಹೊರಡುವ ವೇಳೆ, ತಲುಪುವ ವೇಳೆ, ಖರ್ಚು, ಷರಾ. ಬಾಂಗ್ಲಾದೇಶವನ್ನೂ ಸೇರಿಸಬೇಕೆಂಬ ಆಸೆ ಅವರಿಗಿತ್ತು. ಆದರೆ 2008ರಲ್ಲಿ ಆರಂಭವಾಗಿದ್ದ ಕಲ್ಕತ್ತೆ–ಢಾಕಾ ನಡುವಣ ಮೈತ್ರಿ ಎಕ್ಸ್‌ಪ್ರೆಸ್ 2024ರ ಜುಲೈಯಲ್ಲಿ ನಿಂತುಹೋದದ್ದನ್ನು ನೆನೆದು ಆ ಮನೆಯನ್ನು ಖಾಲಿ ಬಿಟ್ಟರು. ವಾರ ಕಳೆಯುವುದರೊಳಗೆ ಮೂರು ಹಾಳೆ ತುಂಬಿತು. ನೋಡಿದವರಿಗೆ ದಂಡಯಾತ್ರೆಯ ಸಿದ್ಧತೆಯಂತೆ ಕಾಣುತ್ತಿತ್ತು.

ಮಡದಿ ಕೆಂಪು ಪೆನ್ಸಿಲು ತೆಗೆದುಕೊಂಡರು. ಉತ್ತರಪತ್ರಿಕೆ ತಿದ್ದಿದ ಕೈ. ಮೂರು ಹಾಳೆ ಒಂದಾಯಿತು. ಆಕೆಯ ನಿಯಮಗಳು ನಾಲ್ಕೇ. ಇಳಿದ ಊರಿನಲ್ಲಿ ನಾಲ್ಕು ರಾತ್ರಿಗೆ ಕಡಿಮೆ ಇರತಕ್ಕದ್ದಲ್ಲ. ದಿನಕ್ಕೆ ಒಂದೇ ಸ್ಥಳ ನೋಡತಕ್ಕದ್ದು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗುವುದು ಯಾವ ದೇಶದಲ್ಲಿಯೂ ತಪ್ಪತಕ್ಕದ್ದಲ್ಲ. ನಾಲ್ಕನೆಯದು, ಪ್ರತಿ ಊರಿನಲ್ಲಿ ಒಂದು ದಿನ ಯಾವ ಕಾರ್ಯಕ್ರಮವೂ ಇರಕೂಡದು. ಕೊನೆಯ ನಿಯಮಕ್ಕೆ ರಾಯರು ಆಕ್ಷೇಪಣೆ ಎತ್ತಿದರು. ಖರ್ಚು ಮಾಡಿಕೊಂಡು ಅಷ್ಟು ದೂರ ಹೋಗಿ ಸುಮ್ಮನೆ ಕುಳಿತಿರುವುದೆಂದರೇನು? "ಆ ದಿನ ತರಕಾರಿ ಅಂಗಡಿಗೆ ಹೋಗೋಣ" ಎಂದರು ಆಕೆ.

ಮೂರು ದೇಶವನ್ನೂ ಒಂದೇ ಸಲ ಮುಗಿಸಬೇಕೆಂಬುದೂ ಕಚೇರಿಯ ಬುದ್ಧಿಯೇ ಎಂದು ತೀರ್ಮಾನವಾಯಿತು. ನೇಪಾಳ, ಭೂತಾನಗಳಿಗೆ ನವೆಂಬರು. ಮಳೆ ಹಿಂದೆ ಸರಿದು ಹಿಮಾಲಯ ನಿಚ್ಚಳವಾಗಿ ಕಾಣುವ ಕಾಲ. ಲಂಕೆಗೆ ಮಾರ್ಚಿ.

ನೇಪಾಳದ ವಿಚಾರದಲ್ಲಿ ತೊಡಕು ಕಡಿಮೆ. 1950ರ ಒಪ್ಪಂದದಿಂದೀಚೆಗೆ ಎರಡು ದೇಶಗಳ ಪ್ರಜೆಗಳೂ ವೀಸಾ ಇಲ್ಲದೆ ಗಡಿ ದಾಟುತ್ತಿದ್ದಾರೆ. ಪಾಸ್‌ಪೋರ್ಟು ಇಲ್ಲವೆ ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ಆಧಾರ್ ಕಾರ್ಡೊಂದೇ ಎಲ್ಲಕ್ಕೂ ಆಗುತ್ತದೆಂದು ನಂಬಿ ಹೋದ ಅರವತ್ತೈದರೊಳಗಿನವರು ಗಡಿಯಲ್ಲಿ ಪೇಚಾಡುವುದುಂಟು. 1993ರಿಂದ ನಮ್ಮ ಒಂದು ರೂಪಾಯಿಗೆ ಅಲ್ಲಿಯ ಒಂದು ರೂಪಾಯಿ ಅರವತ್ತು ಪೈಸೆ ಎಂಬ ದರ ಹಾಗೆಯೇ ನಿಂತಿದೆಯೆಂದು ತಿಳಿದಾಗ ಖಜಾನೆಯವರ ಮುಖ ಅರಳಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದೇ ನಿಮಿಷ ಮುಂದು. ಭೂತಾನದ್ದು ಅರ್ಧ ಗಂಟೆ ಮುಂದು, ಲಂಕೆಯದು ನಮ್ಮದಕ್ಕೆ ಸಮ. ಗಡಿಯಾರದ ಮುಳ್ಳನ್ನು ಇಷ್ಟು ಕಡಿಮೆ ತಿರುಗಿಸಿ ಮಾಡಬಹುದಾದ ವಿದೇಶಯಾತ್ರೆ ಬೇರೆ ಎಲ್ಲಿ ಸಿಕ್ಕೀತು?

ಬೆಂಗಳೂರಿನಿಂದ ಗೋರಖಪುರಕ್ಕೆ ಸುಮಾರು ಎರಡು ದಿನದ ರೈಲು. ಅಲ್ಲಿಂದ ಸುನೌಲಿಯ ಗಡಿ ದಾಟಿದರೆ ಮೊದಲ ನಿಲ್ದಾಣ ಲುಂಬಿನಿ. ಬುದ್ಧ ಹುಟ್ಟಿದ ಆ ಸ್ಥಳಕ್ಕೆ ಅಶೋಕ ತಾನೇ ಬಂದು ಪೂಜಿಸಿ ನಿಲ್ಲಿಸಿದ ಕಂಬ ಇಂದಿಗೂ ಇದೆ. ನಮ್ಮ ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಬಂಡೆಯ ಮೇಲೆ ಬರೆಸಿದ ಅದೇ ಅಶೋಕ. ಆ ಊರಿನವರಿಗೆ ಒಂದು ತೆರಿಗೆಯನ್ನು ಬಿಟ್ಟು, ಬೆಳೆಯ ಪಾಲನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದೆನೆಂದು ಕಂಬದ ಮೇಲೆ ಬರೆದಿದೆ. ರಾಯರಿಗೆ ಆ ಶಾಸನದಲ್ಲಿ ತುಂಬ ಹಿಡಿಸಿದ ಭಾಗ ಇದೇ.

ಅಲ್ಲಿಂದ ಪೋಖರಾ. ಸುಮಾರು ಎಂಟುನೂರು ಮೀಟರಿನ, ಹೆಚ್ಚುಕಡಿಮೆ ಮೈಸೂರಿನಷ್ಟೇ ಎತ್ತರದ ಊರು. ಫೇವಾ ಸರೋವರದ ದಡದಲ್ಲಿ ಕುಳಿತರೆ 6,993 ಮೀಟರ್ ಎತ್ತರದ ಮಚ್ಛಪುಚ್ಛ್ರೆ ಕಣ್ಣೆದುರಿಗಿರುತ್ತದೆ. ಮೀನಿನ ಬಾಲದಂತೆ ಸೀಳಿದ ಆ ಶಿಖರ ಪವಿತ್ರವೆಂದು ಅದನ್ನು ಹತ್ತಲು ಯಾರಿಗೂ ಅನುಮತಿಯಿಲ್ಲ. "ಹಾಗಾದರೆ ನಮ್ಮ ಮೊಣಕಾಲಿಗೂ ತೇನ್‌ಸಿಂಗನ ಮೊಣಕಾಲಿಗೂ ಅಲ್ಲಿ ವ್ಯತ್ಯಾಸವಿಲ್ಲ, ಎಲ್ಲರೂ ಕುಳಿತು ನೋಡತಕ್ಕವರೇ" ಎಂದು ಆಕೆ ಸಮಾಧಾನಪಟ್ಟರು.

ಕಾಠ್ಮಂಡುವಿನ ಗದ್ದಲದಲ್ಲಿ ಇಳಿಯುವುದಕ್ಕಿಂತ ಹದಿಮೂರು ಕಿಲೋಮೀಟರು ಆಚೆಯ ಭಕ್ತಪುರದಲ್ಲಿ ತಂಗುವುದು ಮೇಲೆಂದು ನಿಶ್ಚಯವಾಯಿತು. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ದೇಗುಲ 1934ರ, 2015ರ ಎರಡು ದೊಡ್ಡ ಭೂಕಂಪಗಳನ್ನೂ ತಡೆದು ನಿಂತಿರುವ ಊರು ಅದು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಸಿಹಿಮೊಸರಿಗೂ ಪ್ರಸಿದ್ಧ. ಅದನ್ನು ಅಲ್ಲಿಯವರು 'ಮೊಸರುಗಳ ರಾಜ' ಎಂದೇ ಕರೆಯುತ್ತಾರೆ. ಮೊಸರನ್ನಕ್ಕೆ ಹುಟ್ಟಿದ ಜನಕ್ಕೆ ನಾಲ್ಕು ದಿನ ನಿಲ್ಲಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಅಲ್ಲಿಂದಲೇ ಒಂದು ಬೆಳಿಗ್ಗೆ ಪಶುಪತಿನಾಥನ ದರ್ಶನ. ಆ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ದಕ್ಷಿಣದವರು, ಅದರಲ್ಲಿಯೂ ಕರ್ನಾಟಕದ ಕಡೆಯವರು ಎಂಬುದು ಬಹಳ ಮಂದಿ ಕನ್ನಡಿಗರಿಗೆ ತಿಳಿಯದು. ಚರಿತ್ರೆಯ ಉಪಾಧ್ಯಾಯಿನಿ ಇನ್ನೊಂದು ನಂಟನ್ನೂ ಹುಡುಕಿ ತೆಗೆದರು. 1097ರಲ್ಲಿ ನಾನ್ಯದೇವನೆಂಬುವನು ಈಗಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನ್‌ಗಢದಿಂದ ಮಿಥಿಲೆಯನ್ನು ಆಳತೊಡಗಿದ; ಅವನ ವಂಶವನ್ನು ಚರಿತ್ರೆಕಾರರು ಕರ್ಣಾಟ ವಂಶವೆಂದೇ ಕರೆಯುತ್ತಾರೆ. ಹೀಗೆ ನಮ್ಮವರು ಒಂಬೈನೂರು ವರ್ಷದ ಹಿಂದೆಯೇ ಅಲ್ಲಿಗೆ ಹೋಗಿ ಸಾವಕಾಶವಾಗಿಯೇ ನಿಂತುಬಿಟ್ಟಿದ್ದರು!

ಭೂತಾನದ ಹಾಳೆಯಲ್ಲಿ ಮನೆಯೊಳಗೆ ನಿಜವಾದ ಜಗಳ ಹುಟ್ಟಿತು. ಕಾಠ್ಮಂಡುವಿನಿಂದ ಪಾರೋವಿಗೆ ಹಾರುವ ವಿಮಾನದಲ್ಲಿ ಎಡಬದಿಯ ಕಿಟಕಿ ಸಿಕ್ಕಿದರೆ ಎವರೆಸ್ಟನ್ನೇ ಕಾಣಬಹುದೆಂಬಲ್ಲಿಗೆ ಇಬ್ಬರೂ ಒಂದಾಗಿದ್ದರು. ಆದರೆ 2022ರ ಸೆಪ್ಟೆಂಬರಿನಿಂದ ಆ ದೇಶ ಭಾರತದ ಪ್ರವಾಸಿಯೊಬ್ಬನಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕವನ್ನು ವಿಧಿಸಿದೆ. ಊಟ, ವಸತಿ ಬೇರೆ. ಇಬ್ಬರಿಗೆ ದಿನಕ್ಕೆ 2,400. ಪಾರೋ, ಥಿಂಪು, ಪುನಾಖಾಗಳಲ್ಲಿ ನಾಲ್ಕು ನಾಲ್ಕು ರಾತ್ರಿ ಎಂದರೆ 28,800!

"ನೋಡು, ಅಶೋಕ ಯಾತ್ರೆಗೆ ಬಂದಾಗ ಊರಿನವರಿಗೆ ತೆರಿಗೆ ಬಿಟ್ಟು ಹೋದ. ಈ ಕಾಲದಲ್ಲಿ ಯಾತ್ರೆಗೆ ಹೋದವನೇ ತೆರಿಗೆ ಕೊಟ್ಟು ಬರಬೇಕು. ಇಲ್ಲಿ ನಿಧಾನಕ್ಕೇ ದಂಡ ಹಾಕಿದ್ದಾರೆ. ಎರಡು ರಾತ್ರಿಯಲ್ಲಿ ಮುಗಿಸಿಬಿಡೋಣ."

"ಮಗನ ಮದುವೆಯಲ್ಲಿ ತಾಂಬೂಲದ ಚೀಲಗಳಿಗೆ ಎಷ್ಟಾಯಿತು ಎಂಬುದು ನಿಮ್ಮ ಲೆಕ್ಕದಲ್ಲಿ ಇದ್ದೀತಲ್ಲ, ತೆಗೆದು ನೋಡಿ."

ರಾಯರು ತೆಗೆದು ನೋಡಲಿಲ್ಲ. ಅದು ಅವರಿಗೆ ನೆನಪಿತ್ತು. ಆದರೆ ಆ ಶುಲ್ಕವೇಕೆ ಎಂಬುದನ್ನು ಓದಿ ತಿಳಿದರು. ಬರುವವರ ಸಂಖ್ಯೆಗಿಂತ ಬಂದವರು ನಡೆದುಕೊಳ್ಳುವ ರೀತಿ ಮುಖ್ಯವೆಂಬುದು ಆ ಚಿಕ್ಕ ದೇಶದ ನೀತಿ. ನೂರಕ್ಕೆ ಅರವತ್ತು ಭಾಗ ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ತನ್ನ 2008ರ ಸಂವಿಧಾನದಲ್ಲಿಯೇ ಬರೆದುಕೊಂಡಿದೆ. ಪ್ರವಾಸಿಗಳ ಹಣ ಆ ಪರಿಸರಕ್ಕೆ, ಪ್ರಜೆಗಳ ಉಚಿತ ವಿದ್ಯೆಗೆ, ವೈದ್ಯಕ್ಕೆ ಒದಗುತ್ತದೆ. ಇಷ್ಟನ್ನು ತಿಳಿದ ಮೇಲೆ ಖಜಾನೆಯ ಅಧಿಕಾರಿ ಎಂಟು ರಾತ್ರಿಗೆ ಮಂಜೂರಾತಿ ಕೊಟ್ಟರು: ಪಾರೋದಲ್ಲಿ ನಾಲ್ಕು, ಪುನಾಖಾದಲ್ಲಿ ನಾಲ್ಕು, ಒಟ್ಟು 19,200. ಥಿಂಪುವನ್ನು ಹೋಗುವ ಬರುವ ದಾರಿಯಲ್ಲಿ ನೋಡುವುದು.

ಪುನಾಖಾದಲ್ಲಿ ಎರಡು ನದಿಗಳು ಕೂಡುವಲ್ಲಿ ಹದಿನೇಳನೆಯ ಶತಮಾನದ ಕೋಟೆಮಠವಿದೆ. ಒಂದರ ಹೆಸರು ಫೋ ಛು, ಇನ್ನೊಂದು ಮೋ ಛು; ಗಂಡುಹೊಳೆ, ಹೆಣ್ಣುಹೊಳೆ ಎಂದು ಅರ್ಥ. ಅಲ್ಲಿ ಮೆಟ್ಟಿಲಿನ ಭಯ ಅಷ್ಟಿಲ್ಲ. ಉದಕಮಂಡಲದಷ್ಟು ಎತ್ತರದ ಪಾರೋದಲ್ಲಿ ಮಾತ್ರ ಬಂಡೆಯ ನೆತ್ತಿಗೆ ಅಂಟಿಕೊಂಡಿರುವ 'ಹುಲಿಯ ಗೂಡು' ತಕ್‌ತ್ಸಾಂಗ್ ಮಠವನ್ನು ಹತ್ತಿ ಇಳಿಯಲು ಐದಾರು ಗಂಟೆ ಬೇಕು. ಮಡದಿಯ ಬಲಮೊಣಕಾಲಿನ ವಿಷಯ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಹಾಗಿದ್ದರೆ ತಾವೂ ಹತ್ತುವುದಿಲ್ಲವೆಂದರು ರಾಯರು.

"ನೀವು ಹೋಗಿಬನ್ನಿ. ನಾನು ಕೆಳಗೆ ಮರದ ನೆರಳಿನಲ್ಲಿ ಕುಳಿತಿರುತ್ತೇನೆ. ಮೇಲೆ ನೀವು ಕಂಡದ್ದನ್ನು ನನಗೆ ಹೇಳಿ. ಕೆಳಗೆ ನಾನು ಕಂಡದ್ದನ್ನು ನಿಮಗೆ ಹೇಳುತ್ತೇನೆ."

ಸಂಸಾರದಲ್ಲಿ ಬಹಳ ದಿನ ಜೊತೆಯಾಗಿ ನಡೆದವರಿಗೆ ಮಾತ್ರ ಹೊಳೆಯುವ ಮಾತು ಇದು. ಜೊತೆಯಲ್ಲಿ ಹೋಗುವುದೆಂದರೆ ಒಂದೇ ಕಲ್ಲಿನ ಮೇಲೆ ಇಬ್ಬರೂ ನಿಲ್ಲಬೇಕೆಂದೇನೂ ಇಲ್ಲವಷ್ಟೆ. ಊಟದ ವಿಷಯದಲ್ಲಿಯೂ ಆಕೆಗೆ ಧೈರ್ಯವಿತ್ತು. ಮೆಣಸಿನಕಾಯಿಯನ್ನೇ ತರಕಾರಿಯೆಂದು ಬಗೆದು ಗಿಣ್ಣಿನೊಡನೆ ಬೇಯಿಸಿ ಅನ್ನಕ್ಕೆ ಕಲಸಿಕೊಳ್ಳುವ ಜನರ ನಡುವೆ, ಗೊಜ್ಜು ತಿಂದು ಬೆಳೆದವರು ಹಸಿದಿರಬೇಕಾಗಿಲ್ಲ. ಹಿಂದಿರುಗುವಾಗ ಫುಂಟ್‌ಶೋಲಿಂಗಿನ ಗಡಿಬಾಗಿಲಿನಿಂದ ಬಂಗಾಳದ ಹಾಸೀಮಾರಾಕ್ಕೆ ಬಂದು, ರೈಲು ಹಿಡಿದು ಮನೆಗೆ. ಎಲ್ಲ ಸೇರಿ ಇಪ್ಪತ್ತಾರು ದಿನ.

ಲಂಕೆಯ ಹಾಳೆ ಇವೆರಡಕ್ಕಿಂತ ಚಿಕ್ಕದು. 1914ರಿಂದ ಅರ್ಧ ಶತಮಾನ ರೈಲು ಧನುಷ್ಕೋಟಿಯವರೆಗೆ ಹೋಗಿ, ಅಲ್ಲಿಂದ ಪ್ರಯಾಣಿಕರು ಹಡಗಿನಲ್ಲಿ ತಲೈಮನ್ನಾರಿಗೆ ದಾಟುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿತು. ಹೋಗುವುದಾದರೆ ಸಮುದ್ರದ ಮೇಲೆಯೇ ಹೋಗಬೇಕೆಂಬುದು ಉಪಾಧ್ಯಾಯಿನಿಯ ಹಟ. 2023ರ ಅಕ್ಟೋಬರಿನಲ್ಲಿ ಆರಂಭವಾಗಿ, ನಡುವೆ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಹೊರಟ ನಾಗಪಟ್ಟಣದ ಹಡಗು ಸುಮಾರು ನಾಲ್ಕು ಗಂಟೆಯಲ್ಲಿ ಕಾಂಕೇಸನ್‌ತುರೈಯನ್ನು ಮುಟ್ಟುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಅದು ನಿಲ್ಲುವುದರಿಂದಲೇ ಮಾರ್ಚಿಯ ಆಯ್ಕೆ. ದಡ ಸೇರಿದರೆ ಜಾಫ್ನಾ. 1981ರಲ್ಲಿ 90,000ಕ್ಕೂ ಹೆಚ್ಚು ಪುಸ್ತಕಗಳೊಡನೆ ಸುಟ್ಟುಹೋದ ಅಲ್ಲಿಯ ಪುಸ್ತಕಭಂಡಾರವನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕುಳಿತು, ಮಕ್ಕಳು ಬಂದು ಓದುವುದನ್ನು ನೋಡಬೇಕೆಂದು ಆಕೆಗೆ ಆಸೆ. ಅನಂತರ ಸಂಘಮಿತ್ರೆ ತಂದ ಬೋಧಿವೃಕ್ಷದ ಅನುರಾಧಪುರ, ಆಮೇಲೆ ಸರೋವರದ ದಡದ ಕ್ಯಾಂಡಿ. ಸುಮಾರು ಸಾವಿರದಿನ್ನೂರು ಮೆಟ್ಟಿಲಿನ ಸಿಗಿರಿಯಾವನ್ನು, ಚಾಮುಂಡಿಬೆಟ್ಟದ ಮೆಟ್ಟಿಲನ್ನು ಒಂದು ಕಾಲದಲ್ಲಿ ಹತ್ತಿದ್ದೇ ಸಾಕೆಂದು ಕೈಬಿಟ್ಟರು. 2025ರ ನವೆಂಬರಿನ ಕೊನೆಯಲ್ಲಿ ಬೀಸಿದ ದಿತ್ವಾ ಚಂಡಮಾರುತ ಅಲ್ಲಿಯ ಮಲೆನಾಡಿನ ರೈಲುದಾರಿಯನ್ನು ಅಲ್ಲಲ್ಲಿ ಕಿತ್ತುಹಾಕಿತ್ತು. ಆದಕಾರಣ ಕ್ಯಾಂಡಿಯಿಂದ ಮುಂದೆ ರೈಲೋ ಬಸ್ಸೋ ಎಂಬುದನ್ನು ಅಲ್ಲಿಗೆ ಹೋದ ಮೇಲೆ ನಿಲ್ದಾಣದಲ್ಲಿಯೇ ಕೇಳುವುದೆಂದು ಬರೆದರು. ಲಂಕೆಗೆ ಪಾಸ್‌ಪೋರ್ಟು ಬೇಕು. ಪ್ರವೇಶಾನುಮತಿಯ ನಿಯಮ ಆಗಾಗ ಬದಲಾಗುವುದರಿಂದ ಅದನ್ನು ಹೊರಡುವ ಮುಂಚೆ ವಿಚಾರಿಸತಕ್ಕದ್ದೆಂದು ಷರಾ ಬಿತ್ತು.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಪುಣೆಯಿಂದ ಮಗನ ಫೋನು ಬಂತು. ಕಂಪನಿಯವರು ಅವನನ್ನು ನವೆಂಬರು, ಡಿಸೆಂಬರು ಎರಡು ತಿಂಗಳು ಹೊರದೇಶಕ್ಕೆ ಕಳುಹಿಸುತ್ತಿದ್ದಾರೆ. ಸೊಸೆ ಕೆಲಸಕ್ಕೆ ಹೋಗುವವಳು. ಐದು ವರ್ಷದ ಮಗು ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರಾದರೂ ಬೇಕು. "ನೀವು ಹೇಗೂ ಬಿಡುವಾಗಿದ್ದೀರಲ್ಲ" ಎಂದ. ಯಾತ್ರೆಯ ವಿಷಯ ತಿಳಿದಾಗ ಅವನಿಗೆ ಕೋಪವೇನೂ ಬರಲಿಲ್ಲ, ಕಾಳಜಿಯಿಂದಲೇ ಮಾತನಾಡಿದ. 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಗಲಭೆಯಾಗಿ ಸರ್ಕಾರವೇ ಬಿದ್ದದ್ದನ್ನು ನೆನಪಿಸಿದ. ಅಮ್ಮನ ಮೊಣಕಾಲು, ಅಪ್ಪನ ಸಕ್ಕರೆ ಕಾಯಿಲೆ. ಮುಂದಿನ ವರ್ಷ ತಾನೇ ಜೊತೆಯಲ್ಲಿ ಬಂದು ಎಲ್ಲವನ್ನೂ ಆರಾಮವಾಗಿ ತೋರಿಸುವೆನೆಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಫೋನು ಇಟ್ಟ ಮೇಲೆ ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ರಾಯರು ರಿಜಿಸ್ಟರನ್ನು ಮಡಿಸಿ ಬೀರುವಿನ ಮೇಲಿಟ್ಟರು. "ಮುಂದಿನ ವರ್ಷವಾದರೇನಂತೆ?" ಎಂದರು. ಆಕೆ, "ಹೌದು" ಎಂದರು. ಯಾತ್ರೆ ಮತ್ತೆ ಅಟ್ಟ ಸೇರಿತು.

ಅದೇ ವಾರ ರಾಯರ ಅಣ್ಣನ ವೈದಿಕ. ಅಣ್ಣ ವಿದ್ಯುಚ್ಛಕ್ತಿ ಇಲಾಖೆಯಲ್ಲಿದ್ದವರು. ನಿವೃತ್ತರಾದ ತಿಂಗಳೇ ಪಾಸ್‌ಪೋರ್ಟು ಮಾಡಿಸಿದ್ದರು. ಊಟವೆಲ್ಲ ಮುಗಿದ ಮೇಲೆ ಅತ್ತಿಗೆ ಬೀರುವಿನಿಂದ ವಿಮೆಯ ಕಾಗದಗಳನ್ನು ತೆಗೆದು, ಯಾವುದೋ ಲೆಕ್ಕ ನೋಡಿಕೊಡುವಂತೆ ಮೈದುನನ ಮುಂದಿಟ್ಟರು. ಅವುಗಳ ನಡುವೆ ಆ ನೀಲಿ ಪುಸ್ತಕವಿತ್ತು. ರಾಯರು ಬಿಡಿಸಿ ನೋಡಿದರು. ಮೂವತ್ತಾರು ಪುಟ, ಭಾವಚಿತ್ರವಿದ್ದ ಪುಟ, ವಿಳಾಸವಿದ್ದ ಪುಟ ಬಿಟ್ಟರೆ ಒಂದರಲ್ಲಿಯೂ ಒಂದು ಮುದ್ರೆಯಿಲ್ಲ. ಹೊಸ ನೋಟಿನಂತೆ ಗರಿಗರಿಯಾಗಿತ್ತು.

"ಒಂದು ವರ್ಷ ಮಗಳ ಮದುವೆ ಎಂದರು, ಒಂದು ವರ್ಷ ಮಹಡಿ ಕಟ್ಟಿಸುವುದು ಎಂದರು, ಆ ಮೇಲೆ ಕಣ್ಣಿನ ಪೊರೆ. ಹತ್ತು ವರ್ಷದ ಅವಧಿ ಮುಗಿಯುವುದಕ್ಕೆ ನಾಲ್ಕು ತಿಂಗಳಿತ್ತು, ನೋಡಪ್ಪ, ಅಷ್ಟರಲ್ಲಿ ಅವರೇ ಹೊರಟುಹೋದರು. ಅವರಿಗೆ ಎಲ್ಲಿಗೆ ಹೋಗಬೇಕೆಂದಿತ್ತು ಎಂದು ನಾನು ಕೇಳಲೂ ಇಲ್ಲ" ಎಂದರು ಅತ್ತಿಗೆ. ದುಃಖದ ಧ್ವನಿಯಲ್ಲೇನೂ ಹೇಳಲಿಲ್ಲ. ಹಾಲು ಉಕ್ಕಿದ್ದನ್ನು ಹೇಳುವಂತೆ ಹೇಳಿ, ಕಾಗದಗಳನ್ನು ಜೋಡಿಸತೊಡಗಿದರು.

ಮನೆಗೆ ಬಂದ ರಾತ್ರಿಯೇ ಮಗನಿಗೆ ಫೋನು ಮಾಡಿದವರು ಮಡದಿ. ಮಕ್ಕಳಿಗೆ 'ಆಗುವುದಿಲ್ಲ' ಎಂಬ ಮಾತನ್ನು ಆಕೆ ಶಾಲೆಯಲ್ಲಿ ಎಷ್ಟೋ ಸಾವಿರ ಸಲ ಹೇಳಿದ್ದರು. ಮನೆಯಲ್ಲಿ ಹೇಳಿ ಅಭ್ಯಾಸವಿರಲಿಲ್ಲ. "ಡಿಸೆಂಬರು ಪೂರ್ತಿ ನಾವಿಬ್ಬರೂ ಬಂದು ಇರುತ್ತೇವೆ, ಮಗು. ನವೆಂಬರು ಆಗುವುದಿಲ್ಲ" ಎಂದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಅನಂತರ ಸೊಸೆಯ ಧ್ವನಿ ಕೇಳಿಸಿತು: "ಅತ್ತೆ, ನೀವು ಹೋಗಿಬನ್ನಿ. ನವೆಂಬರಿಗೆ ನಮ್ಮ ಅಮ್ಮನನ್ನು ಕರೆಸಿಕೊಳ್ಳುತ್ತೇನೆ."

ಸಮಸ್ಯೆ ಬಗೆಹರಿಯಿತೆಂದು ರಾಯರು ಬೀರುವಿನ ಮೇಲಿಂದ ರಿಜಿಸ್ಟರನ್ನು ಇಳಿಸಿದರು. ಆದರೆ ಮಡದಿಯ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಧಾರವಾಡದಲ್ಲಿ ಒಬ್ಬರೇ ಇರುವ ಬೀಗಿತ್ತಿಗೂ ನವೆಂಬರಿನಲ್ಲಿ ಏನಾದರೂ ಯೋಚನೆ ಇದ್ದಿರಬಹುದಲ್ಲವೆ? ಒಬ್ಬ ಅಜ್ಜಿಗೆ ಬಿಡುವು ಸಿಕ್ಕಬೇಕಾದರೆ ಇನ್ನೊಬ್ಬ ಅಜ್ಜಿ ಒಲೆಯ ಮುಂದೆ ನಿಲ್ಲಬೇಕು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಆಕೆ ಬೀಗಿತ್ತಿಗೆ ತಾವೇ ಫೋನು ಮಾಡಿ, ಮಾರ್ಚಿಯಲ್ಲಿ ಲಂಕೆಗೆ ತಮ್ಮ ಜೊತೆ ಬರಬೇಕೆಂದು ಕರೆದರು. "ಸಮುದ್ರದ ಮೇಲೆಯೆ? ನಾನು ಸಮುದ್ರವನ್ನು ಕಾರವಾರದಲ್ಲಿ ಒಮ್ಮೆ ದೂರದಿಂದ ನೋಡಿದ್ದೇನೆ ಅಷ್ಟೆ" ಎಂದರು ಆ ಹಿರಿಯರು. ಬರುವುದಿಲ್ಲ ಎನ್ನಲಿಲ್ಲ. ಮರುದಿನವೇ ಪಾಸ್‌ಪೋರ್ಟಿಗೆ ಯಾವ ಯಾವ ಕಾಗದ ಬೇಕೆಂದು ವಿಚಾರಿಸಿದರಂತೆ.

ಈಗ ಸಿದ್ಧತೆ ಸಾಗಿದೆ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿಡುವುದೆಂದೂ, ಒಂದು ಕಳೆದರೆ ಇನ್ನೊಂದಿರಲೆಂದೂ, ವೈದ್ಯರ ಚೀಟಿಯ ಪ್ರತಿ ಇಬ್ಬರ ಬಳಿಯೂ ಇರಬೇಕೆಂದೂ ಗೊತ್ತಾಗಿದೆ. ಪ್ರಯಾಣದ ವಿಮೆಗೆ ಹಣ ಕಟ್ಟಿಯಾಗಿದೆ. ಸಾಮಾನು ಒಬ್ಬೊಬ್ಬರಿಗೂ ತಾವೇ ಎತ್ತಬಲ್ಲಷ್ಟು. ಎತ್ತಲಾರದ್ದು ಮನೆಯಲ್ಲಿಯೇ ಇರತಕ್ಕದ್ದು. ಮಡಿಸುವ ಕುರ್ಚಿಯೊಂದು ಬಂದಿದೆ, ಹುಲಿಯ ಗೂಡಿನ ಬುಡದಲ್ಲಿ ಕುಳಿತುಕೊಳ್ಳುವುದಕ್ಕೆ. ತುಳಸಿಗೆ ನೀರು ಹಾಕಲು ಪಕ್ಕದ ಮನೆಯ ಹುಡುಗಿ ಒಪ್ಪಿದ್ದಾಳೆ. ಅವಳಿಗೆ ಭಕ್ತಪುರದಿಂದ ಮೊಸರಿನ ಕುಡಿಕೆಯನ್ನಾದರೂ ತರಬೇಕೆಂದು ಮಾತಾಗಿದೆ.

ದೂರದ ದೇಶಗಳಿಗೆ ಹೋಗಿ ಬಂದವರು ಅಲ್ಲಿಯ ಅದ್ಭುತಗಳನ್ನು ವರ್ಣಿಸುತ್ತಾರೆ. ನೆರೆಯ ದೇಶಕ್ಕೆ ಹೋದವರಿಗೆ ವರ್ಣಿಸಲು ಬಹುಶಃ ಅಷ್ಟೊಂದು ಸಿಕ್ಕುವುದಿಲ್ಲ. ಅಲ್ಲಿಯೂ ಹೆಂಗಸರು ಸಂತೆಯಲ್ಲಿ ಚೌಕಾಸಿ ಮಾಡುತ್ತಾರೆ, ಮಕ್ಕಳು ಪಾಠ ಒಪ್ಪಿಸದೆ ತಲೆ ತಪ್ಪಿಸಿಕೊಳ್ಳುತ್ತಾರೆ, ಮುದುಕರು ಜಗಲಿಯಲ್ಲಿ ಕುಳಿತು ಸರ್ಕಾರವನ್ನು ಬಯ್ಯುತ್ತಾರೆ. ಇದನ್ನು ಕಾಣುವುದಕ್ಕೆ ಎತ್ತರ ಹತ್ತಬೇಕಾಗಿಲ್ಲ, ಐದು ಗಂಟೆಗೆ ಏಳಬೇಕಾಗಿಲ್ಲ. ಒಂದು ಕಡೆ ನಾಲ್ಕು ದಿನ ಕುಳಿತಿರುವ ಸಾವಧಾನ ಬೇಕು. ಅದನ್ನು ಕೊಡಬಲ್ಲ ವಯಸ್ಸು ಬಂದಾಗ ಕಾಲು ಇನ್ನೂ ಸ್ವಲ್ಪ ನಡೆಯುತ್ತಿರಬೇಕು. ಇವೆರಡೂ ಜೊತೆಯಲ್ಲಿರುವ ಕಾಲ ಮನುಷ್ಯನ ಆಯುಸ್ಸಿನಲ್ಲಿ ದೊಡ್ಡದಲ್ಲ.

ರಾಯರ ಹಾಳೆ ಈಗ ಊಟದ ಮೇಜಿನ ಗಾಜಿನ ಕೆಳಗಿದೆ. ಇಪ್ಪತ್ತಾರು ದಿನದ ಪಟ್ಟಿಯಲ್ಲಿ ಐದು ಕಡೆ ಅವರ ದುಂಡಾದ ಕೈಬರಹದಲ್ಲಿ 'ಏನೂ ಇಲ್ಲ' ಎಂದು ಬರೆದಿದೆ. ಮೂವತ್ತಾರು ವರ್ಷ ಖಾಲಿ ಮನೆಯನ್ನು ಕಂಡಲ್ಲೆಲ್ಲ ವಿವರಣೆ ಕೇಳಿದ ಕೈ ಅದು. ಪ್ರತಿಯೊಂದರ ಪಕ್ಕದಲ್ಲಿಯೂ, ಮಂಜೂರಾಗಿದೆ ಎಂಬುದಕ್ಕೆ ಗುರುತಾಗಿ, ಚಿಕ್ಕ ರುಜುವೂ ಇದೆ.